ಬೇವು ಸವರಿದ ಹಾಲು

ನಮ್ಮವ್ವ ಚಿಕ್ಕಬೋರಮ್ಮ ವೈದ್ಯನಾಥಪುರದಲ್ಲಿ ಇದ್ದಷ್ಟು ದಿನ ಅವಳ ಎದೆ ಕಾಣುತ್ತದೆಂಬ ಚಿಂತೆ ಯಾರಿಗೂ ಇರಲಿಲ್ಲ. ಗದ್ದೆಯ ಬದುವಿನ ಮೇಲೆ, ದೇವಸ್ಥಾನದ ಮೆಟ್ಟಿಲ ಮೇಲೆ, ಎತ್ತಿನ ಗಾಡಿಯಲ್ಲಿ, ಕೂಸು ಎಲ್ಲಿ ಅತ್ತರೆ ಅಲ್ಲೇ ಸೆರಗು ಸರಿಸಿ ಹಾಲು ಕೊಡುತ್ತಿದ್ದಳು. ಪಕ್ಕದಲ್ಲಿ ಕೂತ ಗಂಡಸರು ಮಳೆ ಬೆಳೆ ಮಾತಾಡುತ್ತ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಯುದ್ಧದ ಕಾಲದಲ್ಲಿ ಅಪ್ಪ ಹೊನ್ನಯ್ಯನಿಗೆ ಮಂಡ್ಯದಲ್ಲಿ ಕೆಲಸ ಸಿಕ್ಕಿ ಸಂಸಾರ ಪೇಟೆಗೆ ಬಂತು. ಅಲ್ಲಿಂದ ಶುರುವಾಯಿತು ನೋಡಿ, ಮಾನದ ಕಾಟ.

ಒಂದೇ ಕೋಣೆಯ ಮನೆ. ಒಳಗೆ ಸೌದೆ ಹೊಗೆ, ಹೊರಗೆ ಬೀದಿಗೆ ಮುಖ ಮಾಡಿದ ಜಗಲಿ. ರಾಗಿ ಕೇರುವುದೂ ಅಲ್ಲೇ, ಎಂಟು ತಿಂಗಳ ಕೂಸು ನಮ್ಮಣ್ಣ ಚಲುವರಾಜನಿಗೆ ಹಾಲು ಕೊಡುವುದೂ ಅಲ್ಲೇ. ಎದುರುಮನೆಯ ಮೇಷ್ಟರ ಹೆಂಡತಿ ಇಂದ್ರಮ್ಮ ಮೊದಲು ನಲ್ಲಿಯ ಹತ್ತಿರ ಹೇಳಿದಳು, ಆಮೇಲೆ ನೀರಿಗೆ ಬಂದವರೆಲ್ಲ ಹೇಳಿದರು: ಇದು ಹಳ್ಳಿಯಲ್ಲ, ಗಂಡಸರು ಓಡಾಡುವ ಬೀದಿ. ಆ ಗಂಡಸರು ಕತ್ತು ತಿರುಗಿಸಿಕೊಂಡು ಹೋಗಬಹುದಿತ್ತು. ಅದನ್ನು ಅವರಿಗೆ ಯಾರೂ ಹೇಳಲಿಲ್ಲ.

ಅವ್ವ ಜಗ್ಗಲಿಲ್ಲ. ಹಳ್ಳಿಯಲ್ಲಿದ್ದಾಗ ನಾಟಿ ಕೆಲಸಕ್ಕೆ ಅಡ್ಡಿಯಾಯಿತೆಂದು ಅವಳ ಚೊಚ್ಚಲ ಮಗಳಿಗೆ ಬೇಗ ಎದೆಹಾಲು ಬಿಡಿಸಿ ರಾಗಿಗಂಜಿ ಕುಡಿಸಿದ್ದರು. ಅದು ಭೇದಿ ಹತ್ತಿ ಸತ್ತಿತು. ಈ ಕೂಸು ನಡೆದಾಡುವ ತನಕ ಹಾಲು ಬಿಡಿಸುವುದಿಲ್ಲವೆಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

ಅದೇ ಮನೆಯಲ್ಲಿದ್ದ ಚಿಕ್ಕಪ್ಪ ಸಿದ್ದರಾಜು ಆಗ ಹೊಸ ಗುಮಾಸ್ತ. ಹೊಸ ಕೋಟು ಬೇರೆ ಹೊಲಿಸಿದ್ದ. ಮೂಗಿಗಿಂತ ಮೂಗುತಿ ಭಾರ. ಮಳವಳ್ಳಿ ಕಡೆಯ ಹೆಣ್ಣಿನವರು ಮನೆ ನೋಡಲು ಬಂದಾಗ ಅವ್ವ ಜಗಲಿಯಲ್ಲಿ ಹಾಲು ಕೊಡುತ್ತ ಕೂತಿದ್ದಳು, ಏಳಲಿಲ್ಲ. ಸಂಬಂಧ ಮುರಿಯಿತು. ಜಾತಕದ ಸಾಲಾವಳಿ ಕೂಡಿಬರಲಿಲ್ಲ ಅಂತ ಹೆಣ್ಣಿನವರು ಹೇಳಿ ಕಳಿಸಿದರು. ಅತ್ತಿಗೆಯ ಎದೆ ನೋಡಿ ಓಡಿಹೋದರು ಅಂತ ಚಿಕ್ಕಪ್ಪ ಮನೆಯಲ್ಲಿ ಕೂಗಾಡಿದ.

ಅಜ್ಜಿ ಪುಟ್ಟಮಾದಮ್ಮ ತಾನು ಹೆತ್ತ ಮಕ್ಕಳಿಗೆಲ್ಲ ಸಂತೆಯಲ್ಲಿ, ಕಣದಲ್ಲಿ ಕೂತು ಹಾಲು ಕೊಟ್ಟವಳೇ. ಆದರೆ ಓದಿದ ಮಗ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು. ಮರುದಿನ ಬೆಳಗ್ಗೆ ಹಿತ್ತಲ ಬೇವಿನ ಸೊಪ್ಪು ಕಿತ್ತು ಅರೆದಳು. ಕೂಸಿಗೆ ಹಾಲು ಬಿಡಿಸುವ ಹಳೇ ಉಪಾಯ ಅದು, ಎದೆಗೆ ಬೇವು ಸವರುವುದು. ಅವ್ವ ಕೊಸರಾಡಿದಳು. ಅಪ್ಪ ಅವಳ ಎರಡೂ ಕೈ ಅದುಮಿ ಹಿಡಿದುಕೊಂಡ. ಕೈ ಹಿಡಿದವನು ಅವತ್ತು ಹಾಗೆ ಕೈ ಹಿಡಿದ. ಅಜ್ಜಿ ಸವರಿದಳು. ಅವ್ವ ತೊಳೆದುಕೊಂಡರೆ ಮತ್ತೆ ಸವರಿದಳು.

ಅಣ್ಣ ಬಾಯಿಟ್ಟು ಮುಖ ಕಿವುಚಿದ, ಚೀರಿದ. ಗಂಜಿ ಕೊಟ್ಟರೆ ಉಗಿದ. ಮಧ್ಯಾಹ್ನಕ್ಕೆ ಅಳುವ ದನಿಯೂ ಬಿದ್ದುಹೋಯಿತು. ನಾಳೆಗೆ ಸರಿಹೋಗುತ್ತದೆ ಎಂದಳು ಅಜ್ಜಿ. ಅವ್ವನ ಸತ್ತ ಮಗಳ ವಿಷಯದಲ್ಲೂ ಹಾಗೇ ಅಂದಿದ್ದಳು.

ಸಂಜೆ ಕಚೇರಿ ಬಿಡುವ ಹೊತ್ತಿಗೆ ಅವ್ವ ಕೂಸನ್ನು ಎತ್ತಿಕೊಂಡು ಜಗಲಿಗೆ ಬಂದು ಕೂತಳು. ಬೀದಿ ತುಂಬ ಸೈಕಲ್ಲು, ಕೊಡೆ, ಕೋಟು. ಅವಳು ಕುಪ್ಪಸದ ಗಂಟು ಬಿಚ್ಚಿದಳು. ಹಸಿರು ಮೆತ್ತಿದ ಎದೆ ಎಲ್ಲರಿಗೂ ಕಂಡಿತು. ಅಣ್ಣ ಬಾಯಿಟ್ಟ, ತೆಗೆದ, ಮತ್ತೆ ಇಟ್ಟ. ಆಮೇಲೆ ಬಿಡಲಿಲ್ಲ, ಮುಖ ಕಿವುಚಿಕೊಂಡೇ ಗುಟುಕು ಗುಟುಕಾಗಿ ಕುಡಿದ.

ಇಂದ್ರಮ್ಮ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ಕಚೇರಿಯ ಸ್ನೇಹಿತನ ಜೊತೆ ಬರುತ್ತಿದ್ದ ಚಿಕ್ಕಪ್ಪ ಜಗಲಿಯ ಮುಂದೆ ನಿಂತು ಹಲ್ಲು ಕಡಿದ.

“ಅತ್ಗೆ, ಒಳೀಕ್ ನಡಿ. ಮನೆ ಮಾನ ಬೀದಿಗ್ ಆಕ್‌ಬ್ಯಾಡ.”

ಅವ್ವ ತಲೆ ಎತ್ತಲಿಲ್ಲ.

“ನನ್ ಕೂಸು ಬೇವ್ ಕುಡುದಾದ್ರೂ ಬದುಕ್ತದೆ ಕಣಪ್ಪ. ನಿನ್ ಮಾನ ಏನ್ ಕುಡುದು ಬದುಕ್ತದೋ ಓಗಿ ನೋಡ್ಕೊ.”

ಸ್ನೇಹಿತ ಸೈಕಲ್ಲು ತಳ್ಳಿಕೊಂಡು ಮುಂದೆ ಹೋದ. ಮರುದಿನ ಅಜ್ಜಿ ಬೇವು ಅರೆಯಲಿಲ್ಲ. ತಪ್ಪಾಯಿತು ಅಂತ ಯಾರೂ ಅನ್ನಲೂ ಇಲ್ಲ. ಇಂದ್ರಮ್ಮ ನಲ್ಲಿಯ ಹತ್ತಿರ ಅವ್ವನ ಬಿಂದಿಗೆಯನ್ನು ಸಾಲಿನ ಕೊನೆಗೆ ತಳ್ಳುತ್ತಲೇ ಇದ್ದಳು. ಚಿಕ್ಕಪ್ಪ ಅವ್ವನ ಜೊತೆ ಮಾತು ಬಿಟ್ಟವನು ಸಾಯುವ ತನಕ ಆಡಲಿಲ್ಲ. ಅಣ್ಣ ಓಡಾಡಲು ಕಲಿತ ಮೇಲೂ ಅದೇ ಜಗಲಿಯಲ್ಲಿ ಹಾಲು ಕುಡಿದ.

ನಾನು ಹೊಟ್ಟೆಯಲ್ಲಿದ್ದಾಗ ಅವ್ವ ಕೊಡಲಿ ತೆಗೆದುಕೊಂಡು ಹಿತ್ತಲ ಬೇವಿನ ಗಿಡ ಕಡಿಯಲು ನಿಂತಳಂತೆ. ಬಸುರಿ ಹೆಂಗಸೆಂದು ಅಪ್ಪ ಓಡಿಬಂದು ಕೊಂಬೆ ಅವಳ ಮೇಲೆ ಬೀಳದಂತೆ ಹಿಡಿದುಕೊಳ್ಳಲು ಹೋದನಂತೆ.

“ನೀನು ಒಂದ್ ಸಲ ಇಡ್ಕಂಡಿದ್ದು ಸಾಕು, ಬುಡು” ಎಂದಳಂತೆ ಅವ್ವ.