ತೆರೆಯದ ಮೂರು ಬೀರು

ಬೆಳಗಾವಿಯ ವಡಗಾವಿಯಲ್ಲಿ ಓಣಿಯೊಂದರಲ್ಲಿ ಹೋಗುತ್ತಿದ್ದಾಗ ನೇಕಾರರ ಮನೆಯಿಂದ, ನೂಲಿಗೆ ಹಾಕುವ ಗಂಜಿ ಕುದಿಯುವ ವಾಸನೆ ಬಂತು. ನಿಂತುಬಿಟ್ಟೆ. ಖಾನಾಪುರದ ಗ್ರಂಥಾಲಯದಲ್ಲಿ ಹೆಚ್ಚುಕಡಿಮೆ ಇದೇ ವಾಸನೆ ಇರುತ್ತಿತ್ತು... ಮಧ್ಯಾಹ್ನ ಓದುಗರು ಕಡಿಮೆಯಾದ ಮೇಲೆ ಅಲ್ಲಿನ ಲೈಬ್ರರಿ ಮಾಸ್ತರು ಸ್ಟೋವಿನ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದರು. ಹುಳ ಹತ್ತದಂತೆ ಚಿಟಿಕೆ ಮೈಲುತುತ್ತ ಬೆರೆಸಿ, ಹರಿದ ಪುಸ್ತಕಗಳ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದರು.

ನಾನು ಆಗ ಅಲ್ಲಿ ಶಾಲಾ ಶಿಕ್ಷಕ. ಗ್ರಂಥಾಲಯ ಮೊದಲು ಪೇಟೆಯ ಒಂದು ಹಳೆಯ ಮನೆಯ ಮಹಡಿಯಲ್ಲಿತ್ತು. ಮಾಲೀಕರು ಬಿಡಿಸಿದ ಮೇಲೆ ಹೆಂಚಿನ ಗೋದಾಮಿಗೆ ಬಂತು. ಗೋದಾಮು ಸೋರುತ್ತಿತ್ತು. ಮಳೆಗಾಲವಿಡೀ ಮಾಸ್ತರು ಬೀರುಗಳನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಸುತ್ತ, ಕನ್ನಡ, ಮರಾಠಿ ಎನ್ನದೆ ಎಲ್ಲ ಪುಸ್ತಕಗಳನ್ನೂ ಕಾಪಾಡಿದರು. ಕೊನೆಗೆ ಕಾಂಕ್ರೀಟಿನ ಹೊಸ ಕಟ್ಟಡ ಸಿಕ್ಕಿತು. ಅದು ಸೋರುತ್ತಿರಲಿಲ್ಲ. ಆದರೆ ಚಿಕ್ಕದು. ಮೂರು ಬೀರು ಹಿಡಿಯದೆ ಗೋದಾಮಿನಲ್ಲೇ ಉಳಿದವು.

ಜಾಗವಿಲ್ಲವೆಂದು ಪುಸ್ತಕಗಳನ್ನು ರದ್ದಿಗೆ ಹಾಕುವಂತಿರಲಿಲ್ಲ. ನೀರು ಬಿದ್ದು ಹಾಳಾಗಿವೆ ಎಂದರೆ ಹಾಕಬಹುದಿತ್ತು. ಅದಕ್ಕೆ, ಕಣ್ಣಾರೆ ನೋಡಿದ್ದೇನೆಂದು ಸಹಿ ಮಾಡುವ ಸಾಕ್ಷಿಯೊಬ್ಬ ಬೇಕಿತ್ತು. ಮಾಸ್ತರು ಬೆಳಗಾವಿಗೆ ಹೋಗಿದ್ದ ದಿನ ಗ್ರಂಥಾಲಯ ಸಮಿತಿಯವರು ನನ್ನನ್ನು ಗೋದಾಮಿಗೆ ಕರೆಸಿದರು.

"ಗುರುಗಳ, ಇಲ್ಲೊಂದು ಸಹಿ ಮಾಡ್ರಿ. ಬೀರು ತಗದು ನೋಡಾಕ ಹ್ವಾದ್ರ ಜಿರಳಿ ಎದಿ ಮ್ಯಾಲ ಹಾರತಾವ," ಎಂದು ಸಮಿತಿಯ ಗುಮಾಸ್ತ ನಕ್ಕ.

ನಾನೂ ನಕ್ಕೆ. ಗೋದಾಮು ಸೋರುವುದು ಊರಿಗೇ ಗೊತ್ತಿತ್ತಲ್ಲ... ಬೀರುಗಳಿಗೆ ಬೀಗ ಇರಲಿಲ್ಲ. ಆದರೂ ತೆರೆಯಲಿಲ್ಲ. ಸಹಿ ಮಾಡಿದೆ.

ಎರಡು ದಿನ ಬಿಟ್ಟು ಮಾಸ್ತರು ಶಾಲೆಯ ಪಡಸಾಲೆಗೆ ಬಂದರು.

"ಬೀರು ತಗದು ನೋಡಿದ್ರೇನ್ರಿ?"

"ಇಲ್ರಿ."

"ಹಂಗಾದ್ರ ಅಷ್ಟ ಬರದು ಕೊಡ್ರಿ, ನೋಡಿಲ್ಲ ಅಂತ. ಸೋಮವಾರ ಲಾರಿ ಬರತೈತಿ. ನಾ ಹೇಳಿದ್ರ, ಮುದುಕ ಅಂಟು ಹಚ್ಚಿ ಹಚ್ಚಿ ತಾನ ಪುಸ್ತಕಕ್ಕ ಅಂಟ್ಕೊಂಡಾನ ಅಂತಾರ. ನಿಮ್ಮ ಮಾತು ಕೇಳತಾರ."

"ಬರದು ಕೊಡತೇನ್ರಿ," ಎಂದೆ. ನೋಡದೆ ಸಹಿ ಮಾಡಿದೆನೆಂದು ಒಪ್ಪಿಕೊಂಡರೆ ನೌಕರಿಗೆ ಏನಾದೀತೋ ಎಂಬ ಹೆದರಿಕೆ. ಶನಿವಾರ ಹೋಯಿತು, ಭಾನುವಾರವೂ ಹೋಯಿತು.

ಸೋಮವಾರ ಲಾರಿ ತುಂಬುವಾಗ ನಾನು ರಸ್ತೆಯ ಆಚೆ ನಿಂತಿದ್ದೆ. ಒಂದು ಪುಸ್ತಕ ಜಾರಿ ಬಿದ್ದು ತೆರೆದುಕೊಂಡಿತು. ಹಾಳೆಗಳಿಗೆ ನೀರು ತಾಗಿರಲಿಲ್ಲ, ಅಕ್ಷರಗಳು ಸ್ಪಷ್ಟವಾಗಿದ್ದವು. ಮಾಸ್ತರು ಅದನ್ನು ಎತ್ತಿಕೊಂಡರು. ಮನೆಗೆ ಒಯ್ಯುವರೆಂದುಕೊಂಡೆ. ಧೂಳು ಒರೆಸಿ, "ಇದೂ ರದ್ದಿ ಪಟ್ಟಿಯೊಳಗ ಐತ್ರಿ," ಎಂದು ಲಾರಿಯವನ ಕೈಗೇ ಕೊಟ್ಟರು.

ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಹೋದಾಗಲೆಲ್ಲ "ಬರ್ರಿ, ಕುಂದರ್ರಿ" ಎಂದು ಪೇಪರು ಮುಂದೆ ಸರಿಸುತ್ತಿದ್ದರು. ಬೈದಿದ್ದರೆ... ನನಗೆ ಬೆಳಗಾವಿಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ವರ್ಷ ಕಳೆದ ಮೇಲೆ ತಲುಪಿತು.

ಇಂದು ಮನೆಗೆ ಬಂದು ಒಂದು ಹಾಳೆಯಲ್ಲಿ ಬರೆದೆ. ಗೋದಾಮಿನಲ್ಲಿ ಮೂರು ಬೀರುಗಳಿದ್ದವು. ಅವುಗಳಲ್ಲಿ ಒಂದನ್ನೂ ನಾನು ತೆರೆದು ನೋಡಲಿಲ್ಲ. ಎರಡೇ ಸಾಲು. ಕೆಳಗೆ ಸಹಿ ಮಾಡಿದೆ. ಇದನ್ನು ಕೇಳಿದ್ದವರು ಈಗಿಲ್ಲ, ಇನ್ನಾರೂ ಕೇಳಿಲ್ಲ.