ಗೋಪುರದ ಬಿರುಕು ಅಳಿಸಿದ ಫೋಟೋಗ್ರಾಫರ್

ಅಪ್ಪ ಊರವರ ಗಡ್ಡ ಬೋಳಿಸಿ ಬದುಕಿದ. ಮಗ ಫೋಟೋಗ್ರಾಫರನಾಗಿ, ಗಂಡು ಹುಡುಕಲು ತೆಗೆಸುವ ಫೋಟೋದಲ್ಲಿ ಹುಡುಗಿಯರ ಮುಖದ ಮೊಡವೆ ಬೋಳಿಸಿ ಬದುಕಿದ. ಚಿತ್ರ ಮೂಡಿದ ಗಾಜಿನ ಪ್ಲೇಟಿನ ಮೇಲೆ ಚೂಪು ಪೆನ್ಸಿಲ್ ಆಡಿಸಿದರೆ ಸಿಡುಬಿನ ಕಲೆಯೂ ಮಾಯ. ಮದುವೆಯ ದಿನ ಗಂಡಿನ ಕಡೆಯವರಿಗೆ ಏನನ್ನಿಸಿತೋ, ಅದು ಅವನ ತಲೆನೋವಲ್ಲ.

ಒಂದು ದಿನ ಪಾದ್ರಿ ಬಂದು ಹಳೆಯ ಚರ್ಚಿನ ಫೋಟೋ ಕೇಳಿದರು. ಗಂಟೆ ಗೋಪುರ ಬುಡದಿಂದಲೇ ಬಿರುಕು ಬಿಟ್ಟಿತ್ತು. ಚಿತ್ರ ನೋಡದೆ ಬಿಷಪ್ಪರ ಕಚೇರಿಯವರು ರಿಪೇರಿಗೆ ಹಣ ಕೊಡಲು ಒಪ್ಪುತ್ತಿರಲಿಲ್ಲ. ಆ ಗೋಪುರದಡಿ ದಿನಾ ಗಂಟೆ ಹೊಡೆಯುತ್ತಿದ್ದವರು ಫೋಟೋಗ್ರಾಫರನ ಹೆಂಡತಿಯ ಅಪ್ಪ. ಗೋಪುರ ಬಿದ್ದರೆ ಮೊದಲು ಮಾವನ ತಲೆಯ ಮೇಲೆಯೇ.

ಚಿತ್ರ ಚೆನ್ನಾಗಿಯೇ ಬಂತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಪ್ಲೇಟು ಕೈಗೆ ಬಂದದ್ದೇ ತಡ, ಪೆನ್ಸಿಲ್ ತಾನಾಗಿ ಓಡಿತು. ಪಾಚಿ ಹೋಯಿತು, ಕಲೆ ಹೋಯಿತು, ಬಿರುಕೂ ಹೋಯಿತು. ಮುದಿ ಚರ್ಚು ಹದಿನಾರರ ಹುಡುಗಿಯಂತೆ ಹೊಳೆಯಿತು. ಇಷ್ಟು ಗಟ್ಟಿ ಗೋಪುರಕ್ಕೆ ರಿಪೇರಿ ಏಕೆಂದು ಕಚೇರಿಯವರು ಕೇಳಿದರು.

"ಏನಯ್ಯಾ, ಚರ್ಚಿಗೆ ಗಂಡು ಹುಡುಕೋಕೆ ಫೋಟೋ ಕೇಳಿದ್ನಾ ನಾನು?" ಎಂದು ಪಾದ್ರಿ ಕೂಗಾಡಿದರು.

ಫೋಟೋಗ್ರಾಫರ್ ಎರಡನೆಯ ಫೋಟೋ ತೆಗೆದು ಏನೂ ತಿದ್ದದೆ ಕಳಿಸಿದ. ಈಗ ಬಿರುಕನ್ನು ಅವನೇ ಪೆನ್ಸಿಲಿನಿಂದ ಗೀರಿದ್ದಾನೆಂದು ಕಚೇರಿಯವರು ನಕ್ಕರು.

"ಅಳಿಯಂದ್ರೇ, ನಾನೇ ಬಿರುಕೊಳಗೆ ಕೈ ಹಾಕಿ ನಿಲ್ತೀನಿ. ಆಗ್ಲಾದ್ರೂ ನಂಬ್ತಾರೆ" ಎಂದರು ಮಾವ.

"ಆಯ್ತು ಮಾವ. ಏನೇ ಆದ್ರೂ ಅಲ್ಲಾಡಬೇಡಿ, ಅಲ್ಲಾಡಿದ್ರೆ ಚಿತ್ರದಲ್ಲಿ ಹೊಗೆಯಂತೆ ಬರ್ತೀರಿ."

ಜನ್ಮದಲ್ಲಿ ಬಾಯಿ ಮುಚ್ಚದ ಮಾವ ಮೊಣಕೈವರೆಗೆ ಕೈ ತೂರಿಸಿ ಕಂಬದಂತೆ ನಿಂತರು. ಫೋಟೋಗ್ರಾಫರ್ ಕ್ಯಾಮೆರಾದ ಮುಚ್ಚಳ ತೆಗೆದು ಎಣಿಸತೊಡಗಿದ. ಅಷ್ಟರಲ್ಲಿ ಮೇಲಿನಿಂದ ಗಾರೆ ಉದುರಿತು. ಮಾವನ ತಲೆಯೆಲ್ಲ ಬೆಳ್ಳಗಾಯಿತು. ಆದರೂ ಅವರು ಕದಲಲಿಲ್ಲ, ಅಳಿಯ ಹೇಳಿದ್ದಾನಲ್ಲ! ಫೋಟೋಗ್ರಾಫರ್ ಎಣಿಕೆ ಬಿಟ್ಟ. ಓಡಿಹೋಗಿ ರಟ್ಟೆ ಹಿಡಿದು ಎಳೆದರೆ ಕೈ ಸಿಕ್ಕಿಕೊಂಡಿತ್ತು. ಬೈದ, ಎಳೆದ, ಮಗುವಿನಂತೆ ಅತ್ತ. ಕೊನೆಗೆ ಕೈ ಬಿಟ್ಟುಬಂತು, ಇಬ್ಬರೂ ಬಿದ್ದೆದ್ದು ಓಡಿದರು. ತೆರೆದೇ ಉಳಿದ ಕ್ಯಾಮೆರಾಕ್ಕೆ ಮುಚ್ಚಳ ಹಾಕಿದ್ದು ಪಕ್ಕದಲ್ಲಿ ನಿಂತಿದ್ದ ಪಾದ್ರಿ.

ಪ್ಲೇಟಿನಲ್ಲಿ ಬಿರುಕು ಕಣ್ಣಿಗೆ ರಾಚುವಂತಿತ್ತು. ಅದರ ಮುಂದೆ ಹೊಗೆಯಂಥ ಒಬ್ಬ ಮುದುಕ, ಅವನನ್ನು ಎಳೆಯುವ ಇನ್ನೊಂದು ಹೊಗೆ. ಅದನ್ನು ತಿದ್ದಲು ಫೋಟೋಗ್ರಾಫರ್ ಪೆನ್ಸಿಲ್ ಎತ್ತಿಕೊಂಡ. ಹೆಂಡತಿ ಪೆನ್ಸಿಲ್ ಕಿತ್ತುಕೊಂಡು ಒಲೆಗೆ ಹಾಕಿದಳು.

ಚಿತ್ರ ಹೋದ ಬೆನ್ನಿಗೇ ಗಾರೆಯವರು ಬಂದರು. ಕಚೇರಿಯವರು ಈ ಸಲ ನಂಬಿ ಹಣ ಕಳಿಸಿದ್ದರು. ಬಿರುಕನ್ನು ಯಾರು ಬೇಕಾದರೂ ಗೀರಬಹುದು. ಮಾವನಿಗಾಗಿ ಪ್ರಾಣದ ಹಂಗು ತೊರೆದ ಅಳಿಯನನ್ನು ಕಲ್ಪಿಸಿ ಗೀರಲು ಯಾರಿಂದಾದೀತು?