ಕುಳಗೇರಿ ಕ್ರಾಸಿನಲ್ಲಿ ಹಳೆಯ ಫೋನು ಹುಡುಕುವ ಬಸವೇಶ್ವರಿ

ಬೆಳಗಿನ ಆರು ಗಂಟೆ. ಕುಳಗೇರಿ ಕ್ರಾಸಿನ ಚಹಾದಂಗಡಿ ಮುಂದೆ ಬಾಗಲಕೋಟೆ ಬಸ್ಸಿಗೆ ಕಾಯುವವರನ್ನು ಬಸವೇಶ್ವರಿ ಒಬ್ಬೊಬ್ಬರಾಗಿ ಕೇಳುತ್ತಿದ್ದಾರೆ: "ಕಾಕಾ, ನಿಮ್ಮ ಫೋನ್ ಎರಡ್ ನಿಮಿಷ ಕೊಡ್ರಿ. ದವಾಖಾನಿ ಪೇಜ್ ತೆರಿತೈತೇನ ನೋಡ್ತೇನಿ."

ಅಹ್ಮದಸಾಬರು ಗಾಜು ಒಡೆದ ಫೋನು ಚಾಚುತ್ತಾರೆ. "ತಗೋವಾ, ಅದೂ ನನ್ಹಂಗ ಮುದುಕ ಆಗೇತಿ."

ವೆಬ್‌ಸೈಟ್ ಒಂದೇ ಆದರೂ ಅದನ್ನು ತೆರೆದು ತೋರಿಸುವ ಬ್ರೌಸರ್ ಫೋನಿಗೊಂದು ಥರ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಹೊಸ ಫೋನಿನಲ್ಲಿ ಕಾಣುವ ಒತ್ತುಗುಂಡಿ ಹಳೆಯದರಲ್ಲಿ ಮಂಗಮಾಯ! ಎಲ್ಲದರಲ್ಲೂ ಸೈಟು ಒಂದೇ ರೀತಿ ನಡೆಯುವಂತೆ ತಿದ್ದುವುದು ಮೂವತ್ತೊಂದರ ಈ ಹೆಣ್ಣುಮಗಳ ಕೆಲಸ. ದಿನಕ್ಕೆ ಇಪ್ಪತ್ತೈದು, ಮೂವತ್ತು ಫೋನು ನೋಡುತ್ತಾರೆ. ಕಂಪ್ಯೂಟರಿನಲ್ಲೇ ಹಳೆಯ ಫೋನಿನ ವೇಷ ಹಾಕಿಸಿ ಪರೀಕ್ಷಿಸಬಹುದು. ಒಮ್ಮೆ ಅದನ್ನು ನಂಬಿ ಕೆಟ್ಟಿದ್ದಾರೆ.

ಮೂರು ವರ್ಷದ ಹಿಂದೆ ಬಾಗಲಕೋಟೆಯ ಖಾಸಗಿ ಆಸ್ಪತ್ರೆಯೊಂದು ಡಯಾಲಿಸಿಸ್ ಪಾಳಿಯನ್ನು ವೆಬ್‌ಸೈಟಿನಲ್ಲೇ ಹಿಡಿಯಬೇಕೆಂದಿತು. ಕಂಪ್ಯೂಟರಿನಲ್ಲೇ ಪರೀಕ್ಷಿಸಿ ಸರಿಯಿದೆ ಎಂದವರು ಬಸವೇಶ್ವರಿ. ಇವರನ್ನು ಎತ್ತಿ ಆಡಿಸಿ, ಹಟ ಹಿಡಿದು ಕಾಲೇಜಿಗೆ ಕಳಿಸಿದ ಚಿಕ್ಕವ್ವ ಶಿವಬಸವ್ವ ಐಹೊಳೆಯಲ್ಲಿದ್ದರು; ಅವರಿಗೂ ಅಲ್ಲೇ ಡಯಾಲಿಸಿಸ್ ನಡೆದಿತ್ತು. ಅವರ ಹಳೆಯ ಫೋನಿನಲ್ಲಿ ತಾರೀಖು ಆರಿಸುವ ಜಾಗ ತೆರೆಯಲೇ ಇಲ್ಲ. ಎರಡು ಪಾಳಿ ತಪ್ಪಿದವು. ಆ ವಾರವೇ ತೀರಿಕೊಂಡರು.

"ನನಗೊಂದ್ ಮಾತು ಹೇಳಿದ್ರ ಆಗಿತ್ತಲ್ರಿ," ಎನ್ನುತ್ತ ಬಸವೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಹೇಳ್ಲಿಲ್ಲ. ನಮ್ಮ ಹುಡುಗಿ ಮಾಡಿದ್ದು ಕೆಡಂಗಿಲ್ಲ, ನನಗ ಒತ್ತಾಕ ಬರವಲ್ದು ಅಂತ ಮಗ್ಗಲಮನಿಯವ್ರ ಮುಂದ ಅಂದಿದ್ಲಂತ."



ಅದೇ ಆಸ್ಪತ್ರೆಯ ಹೊಸ ಪುಟ ಇಂದು ಹತ್ತು ಗಂಟೆಗೆ ಶುರುವಾಗಬೇಕು. ಅಹ್ಮದಸಾಬರ ಫೋನಿನಲ್ಲಿ ಹೆಸರು, ತಾರೀಖು ತುಂಬಿದರೂ ಕಳಿಸುವ ಗುಂಡಿಯೇ ಇಲ್ಲ. ಬಸವೇಶ್ವರಿ ತಕ್ಷಣ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮಿಲಿಂದರಿಗೆ ಫೋನು ಹಚ್ಚುತ್ತಾರೆ. "ಇಂಥಾ ಫೋನು ನೂರರಾಗ ಇಬ್ಬರ ಹತ್ರ ಇರ್ತಾವ, ಬಿಡ್ರಿ ಮೇಡಂ," ಎಂಬ ಉತ್ತರ, ಇವರ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ನಿಂತ ನನಗೂ ಕೇಳಿಸುತ್ತದೆ.

"ಆ ಇಬ್ಬರ ಹೆಸರು ಹೇಳ್ರಿ, ಬಿಡ್ತೇನಿ."

"ಮಧ್ಯಾಹ್ನದ ತನಕ ನಿಲ್ಲಸ್ತೇನಿ," ಎನ್ನುತ್ತಾರೆ ಮಿಲಿಂದ.

ಚಹಾದಂಗಡಿಯ ಬೆಂಚಿನ ಮೇಲೆ ಬಸವೇಶ್ವರಿಯ ಲ್ಯಾಪ್‌ಟಾಪ್ ತೆರೆಯುತ್ತದೆ. ಬಸ್ಸು ಬಂದು ಹೋಗುತ್ತದೆ, ಇವರು ತಲೆ ಎತ್ತುವುದಿಲ್ಲ. ಈ ಕೆಲಸಕ್ಕೆ ಹೆಸರು ಬರಲೆಂದು ಆಸೆಯಿಲ್ಲವೇ ಎಂದು ಕೇಳುತ್ತೇನೆ.

"ಹೆಸರು ಯಾಕ್ರಿ? ಪೇಜ್ ತೆರಿಲಿಲ್ಲಂದ್ರ ಜನ ನನ್ನ ಬೈಬೇಕು. ತಮ್ಮನ್ನ ತಾವ ಬೈಕೊಂಡು ಸುಮ್ಮನ ಕೂಡಬಾರ್ದು."